ಬಾಣಂತಿಯ ಪಾಲು

ಟಿ.ವಿ.ಯಲ್ಲಿ ಪ್ರತಿ ಮಳೆಗಾಲ ಬರುವ ಒಂದು ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ‘ಮುನಿದ ಕಡಲು’ ಅನ್ನುತ್ತಾರೆ. ನಮ್ಮ ಕಡೆ ಎರಡು ತೆಂಗಿನಮರ ಉರುಳಿದರೆ ಸಾಕು, ಕ್ಯಾಮೆರಾ ಹಿಡಿದುಕೊಂಡು ಬರುತ್ತಾರೆ, ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿ ನೀರಲ್ಲಿ ನಿಂತು, ಕಡಲಮ್ಮ ಕೋಪಗೊಂಡಿದ್ದಾಳೆ ಎಂದು ಬೊಬ್ಬೆ ಹೊಡೆಯುತ್ತಾರೆ. ಕಡಲಿಗೆ ಯಾವ ಕೋಪವೂ ಬಂದಿಲ್ಲ. ಕೋಪ ಬಂದಿರುವುದು ನನಗೆ. ಕಡಲು ಬಿಸಿಯಾಗಿದೆ, ಅಷ್ಟೇ. ತಾನಾಗಿ ಬಿಸಿಯಾದದ್ದಲ್ಲ, ಬಿಸಿ ಮಾಡಿದವರಿದ್ದಾರೆ. ಅವರನ್ನು ಕೇಳುವ ಧೈರ್ಯ ಇಲ್ಲದವರು ಕಡಲಿನ ಮೇಲೆ ಗೂಬೆ ಕೂರಿಸುತ್ತಾರೆ.

ನನ್ನ ಬಾಯಿ ಜೋರು ಎಂಬುದು ಕುಂದಾಪುರದಿಂದ ಬೈಂದೂರಿನವರೆಗಿನ ಎಲ್ಲ ಬಸ್ಸಿನ ಕಂಡಕ್ಟರುಗಳಿಗೂ ಗೊತ್ತು. ಮೀನಿನ ಬುಟ್ಟಿ ಹಿಡಿದು ಬಸ್ಸು ಹತ್ತುವವಳು ಮೆತ್ತಗೆ ಮಾತಾಡಿದರೆ ಮೆಟ್ಟಿಲಲ್ಲೇ ಉಳಿಯಬೇಕಾಗುತ್ತದೆ. ಹೆಮ್ಮಾಡಿ ದಾಟಿ ಉತ್ತರಕ್ಕೆ ಹೋಗುವಾಗ ಹೆದ್ದಾರಿಯ ಎಡಕ್ಕೆ, ರಸ್ತೆಗೂ ಕಡಲಿಗೂ ನಡುವೆ ಸಿಕ್ಕಿಕೊಂಡ ಕೇರಿ ನಮ್ಮದು. ನನ್ನ ಗಂಡ ಕೈರಂಪಣಿಯ ಹಗ್ಗ ಎಳೆಯುವವರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಬುಟ್ಟಿ ಹೊತ್ತವಳು. ಓದಿದ್ದು ವ್ಯರ್ಥವಾಯಿತು ಎಂದು ನನ್ನ ಅಬ್ಬಿ, ಅಂದರೆ ಅಮ್ಮ, ಸಾಯುವ ತನಕ ಹೇಳುತ್ತಿದ್ದಳು. ವ್ಯರ್ಥವಾಗಿಲ್ಲ, ಬೈಯಬೇಕಾದ್ದನ್ನು ಈಗ ಬರೆದೂ ಬೈಯಬಹುದು.

ಕೈರಂಪಣಿ ಎಂದರೆ ದಡದಿಂದಲೇ ಎಳೆಯುವ ಉದ್ದದ ಬಲೆ. ಹಗ್ಗದ ಒಂದು ತುದಿಯನ್ನು ದಡದಲ್ಲಿ ಹಿಡಿದು, ದೋಣಿಯಲ್ಲಿ ಬಲೆ ಬಿಡುತ್ತ ಸುತ್ತು ಹಾಕಿ, ಇನ್ನೊಂದು ತುದಿಯನ್ನು ದೂರದಲ್ಲಿ ಮತ್ತೆ ದಡಕ್ಕೆ ತರುತ್ತಾರೆ. ಆಮೇಲೆ ಇಡೀ ಕೇರಿ ಎರಡು ಸಾಲಾಗಿ ನಿಂತು ಎಳೆಯಬೇಕು. ಗಂಡಸು ಹೆಂಗಸು ಎಂಬ ಭೇದ ಇಲ್ಲ, ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು. ಬಲೆಗೆ ಒಂದು ಪಾಲು, ದೋಣಿಗೆ ಒಂದು ಪಾಲು. ಹಂಚುವವರು ತಂಡೇಲರು, ಅಂದರೆ ಬಲೆಯ ಯಜಮಾನಿಕೆ ನೋಡುವವರು. ನಮ್ಮ ತಂಡೇಲರು ನನ್ನ ಗಂಡನ ಅಣ್ಣ. ನಾನು ಬಾವಯ್ಯ ಎಂದು ಕರೆಯುತ್ತೇನೆ. ದಡದಲ್ಲಿ ನಿಂತು ಅವರು ಕೂಗಿದರೆ ಹೆದ್ದಾರಿಗೆ ಕೇಳುತ್ತಿತ್ತು, ಮನೆಯೊಳಗೆ ಮಾತ್ರ ಅವರ ಬಾಯಿಂದ ಮಾತು ಹೊರಡಿಸಲು ಇಕ್ಕಳ ಬೇಕು.

ಈ ಎಲ್ಲ ಪಾಲುಗಳಿಗಿಂತ ಮೊದಲು ತೆಗೆದಿಡುವ ಒಂದು ಪಾಲಿದೆ. ಕೇರಿಯಲ್ಲಿ ಯಾರಾದರೂ ಹೆತ್ತರೆ, ಆಮೇಲೆ ಬಲೆಗೆ ಬಿದ್ದ ಮೊದಲ ತಾಟಿ ಬಾಣಂತಿಯದು. ತಾಟಿ ಎಂದರೆ ಸಣ್ಣ ಜಾತಿಯ ಶಾರ್ಕು, ಬೊಳ್ಳುಳ್ಳಿ ಕಾಳುಮೆಣಸು ಹಾಕಿ ಮಾಡಿಕೊಟ್ಟರೆ ಎದೆಹಾಲು ಹೆಚ್ಚುತ್ತದೆ ಎಂದು ನಮ್ಮ ನಂಬಿಕೆ. ಹೆಚ್ಚುತ್ತದೋ ಇಲ್ಲವೋ ಡಾಕ್ಟರರೇ ಹೇಳಬೇಕು, ನಾನಂತೂ ಹೆತ್ತಾಗಲೆಲ್ಲ ತಿಂದಿದ್ದೇನೆ, ಮಕ್ಕಳು ಗುಂಡುಗುಂಡಾಗಿ ಬೆಳೆದಿದ್ದಾರೆ. ಆ ಮೀನಿಗೆ ಬೆಲೆ ಕಟ್ಟುವಂತಿಲ್ಲ, ಯಾರೂ ಆಸೆ ಪಡುವಂತಿಲ್ಲ. ಹೆತ್ತ ಮನೆಯ ಅಮೆ, ಮೈಲಿಗೆ ಎಂದು ತಂಡೇಲರು ಒಳಗೆ ಬರುವುದಿಲ್ಲ. ಮೆಟ್ಟಿಲ ಮೇಲೆ ಬಾಳೆಲೆ ಹಾಸಿ, ಅದರ ಮೇಲೆ ತಾಟಿ ಇಟ್ಟು, ‘ಹ್ವಾಯ್’ ಎಂದು ಒಂದು ಸಲ ದೊಡ್ಡದಾಗಿ ಕೂಗಿ ತಿರುಗಿ ನೋಡದೆ ಹೋಗುತ್ತಾರೆ. ಆ ಕೂಗು ಇಡೀ ಕೇರಿಗೆ ಕೇಳಬೇಕು. ಹುಟ್ಟಿದ ಮಗುವಿನ ಲೆಕ್ಕ ಕಡಲಿಗೆ ಸಿಕ್ಕಿತು ಎಂದು ಅದರ ಅರ್ಥ. ಬಾಣಂತಿ ಮೊದಲ ಸಲ ಬಾವಿಕಟ್ಟೆಗೆ ಹೋಗಿ ಕೊಡ ನೀರು ಸೇದುವ ದಿನದೊಳಗೆ ಇದು ಆಗಬೇಕು. ಆಗದೆ ಹೋದದ್ದನ್ನು ನಾನು ಕಂಡಿರಲಿಲ್ಲ, ನನ್ನ ಅತ್ತೆಯೂ ಕಂಡಿರಲಿಲ್ಲ.

ಇನ್ನೊಂದು ನಿಯಮವಿದೆ. ಹೆರುವ ಮೊದಲು ತಾಟಿಯನ್ನು ಕೂಡಿಡಬಾರದು. ಉಪ್ಪು ಹಾಕಿ ಒಣಗಿಸಿದರೆ ತಿಂಗಳುಗಟ್ಟಲೆ ಇರುವ ಮೀನು ಅದು, ಆದರೂ ಬಸುರಿಗೆಂದು ಎತ್ತಿಡುವಂತಿಲ್ಲ. ಎತ್ತಿಟ್ಟರೆ ಕಡಲನ್ನು ನಂಬದ ಹಾಗೆ, ಹುಟ್ಟುವ ಮಗುವಿಗೆ ಅದು ಒಳ್ಳೆಯದಲ್ಲ. ಕಳೆದ ವರ್ಷದ ಬೇಸಿಗೆಯಲ್ಲಿ ಬಾವಯ್ಯನ ಬಲೆಗೆ ತಾಟಿ ಬಿದ್ದಿತ್ತು. ಬೈಂದೂರಿಗೆ ಕೊಟ್ಟ ನನ್ನ ಮಗಳು ಆಗ ಚೊಚ್ಚಲ ಬಸುರಿ, ನಾಲ್ಕು ದಿನ ಇದ್ದು ಹೋಗಲು ಬಂದಿದ್ದಳು.

“ಒಂದ್ ತಾಟಿ ಉಪ್ಪ್ ಹಾಕಿ ಇಡ್ ಅಬ್ಬೀ, ಬೇಕಾತ್ತ್” ಅಂದಳು.

ನಾನು ಅವಳಿಗೆ ಸರಿಯಾಗಿ ಬೈದೆ. ನಾಲ್ಕಕ್ಷರ ಕಲಿತ ಕೂಡಲೇ ನಡೆದು ಬಂದದ್ದು ಮರೆತುಹೋಯಿತೇ ಎಂದೆ. ಎಲ್ಲವನ್ನೂ ಬುಟ್ಟಿಗೆ ಹಾಕಿಕೊಂಡು ಹೋಗಿ ಮಾರಿ ಬಂದೆ. ಈಗ ಕೇರಿಯಲ್ಲಿ ಕೆಲವರು ತಪ್ಪು ನನ್ನದೇ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮನೆಯ ಎದುರಿಗೇ ಕಡಲು ಇರುವಾಗ ಒಂದು ಮೀನನ್ನು ಡಬ್ಬಿಯಲ್ಲಿ ಮುಚ್ಚಿಡಬೇಕಾದ ಕಾಲ ಬಂದಿದೆ ಎಂದರೆ ತಪ್ಪು ಮುಚ್ಚಿಡದವಳದಲ್ಲ.

ಮಗಳು ಚೌತಿ ಕಳೆದ ಮೇಲೆ ಕುಂದಾಪುರದ ಆಸ್ಪತ್ರೆಯಲ್ಲಿ ಹೆತ್ತಳು. ಹೆಣ್ಣುಮಗು. ಆಟೋದಲ್ಲಿ ಕರೆದುಕೊಂಡು ಬರುವಾಗಲೇ ನಾನು ಕಡಲಿನ ಕಡೆ ನೋಡುತ್ತಿದ್ದೆ, ಬಲೆ ಇಳಿದಿದೆಯೇ ಎಂದು. ಇಳಿದಿರಲಿಲ್ಲ. ಇಳಿಸಲು ಜಾಗವೇ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಸಾಡಿಯ ಮಳೆಯಲ್ಲಿ ಕಡಲು ನಮ್ಮ ದಡದ ಮರಳನ್ನು ಒಯ್ಯುತ್ತದೆ. ಅದು ಮೊದಲಿನಿಂದ ಇದ್ದದ್ದೇ. ಚೌತಿ ಹೊತ್ತಿಗೆ ಅಲೆಗಳು ತಣ್ಣಗಾಗಿ, ಒಯ್ದ ಮರಳನ್ನು ಅದೇ ಕಡಲು ವಾಪಸು ತಂದು ಸುರಿಯುತ್ತದೆ. ಆ ಹೊಸ ಮರಳಿನ ಮೇಲೆ ನಿಂತೇ ನಾವು ವರ್ಷದ ಮೊದಲ ಬಲೆ ಎಳೆಯುವುದು. ಆದರೆ ಕೆಲವು ವರ್ಷಗಳಿಂದ ನೀರು ಏರಿ ಬರುತ್ತಿದೆ, ಬಾರದ ಹೊತ್ತಿನಲ್ಲಿ ಚಂಡಮಾರುತ ಬರುತ್ತಿದೆ, ಮರಳು ಹೋದಷ್ಟು ಬರುತ್ತಿಲ್ಲ. ಮೇಲಿನವರಿಗೆ ಮನವಿ ಕೊಟ್ಟೆವು. ಅವರು ಲಾರಿಗಟ್ಟಲೆ ಕಪ್ಪು ಬಂಡೆ ತಂದು ದಡದುದ್ದಕ್ಕೂ ಸುರಿದು ತಡೆಗೋಡೆ ಅಂದರು. ಉದ್ಘಾಟನೆಗೆ ಬಂದವರಿಗೆ ನಾವೇ ಎಳನೀರು ಕೊಟ್ಟೆವು. ಅಲೆ ಆ ಬಂಡೆಗೆ ಬಡಿದು ಹಿಂದೆ ಹೋಗುವಾಗ ಇದ್ದ ಮರಳನ್ನೂ ಎಳೆದುಕೊಂಡು ಹೋಯಿತು. ಮನೆ ಉಳಿಯಿತು, ನಿಜ. ಹಗ್ಗ ಹಿಡಿದು ನಿಲ್ಲುವ ನೆಲ ಹೋಯಿತು. ಬಂಡೆಯ ಮೇಲೆ ನಿಂತು ಬಲೆ ಎಳೆದರೆ ಬಲೆ ಹರಿಯುತ್ತದೆ, ಕಾಲು ಮುರಿಯುತ್ತದೆ. ಗೋಡೆ ಮುಗಿಯುವ ಕಡೆ, ದಕ್ಷಿಣಕ್ಕೆ, ಒಂದು ತುಂಡು ಮರಳು ಉಳಿದಿದೆ. ಇಡೀ ಕೇರಿಯ ಕೈರಂಪಣಿ ಈಗ ಆ ತುಂಡಿನಲ್ಲಿ ನಡೆಯಬೇಕು.

ಅಲ್ಲಿಯೇ ಬಾವಯ್ಯ ಬಲೆ ಇಳಿಸಿದರು. ಮೊದಲ ಎಳೆತಕ್ಕೆ ನಾನೂ ಹೋಗಿದ್ದೆ. ಮಗುವಿಗೆ ಹಾಲು ಸಾಲುತ್ತಿರಲಿಲ್ಲ, ಬೆಳಿಗ್ಗೆಯಿಂದ ಅತ್ತು ಅತ್ತು ಅದರ ಧ್ವನಿ ಹೋಗಿತ್ತು. ಹಗ್ಗ ಹಿಡಿದಾಗ ಭಾರ ತಿಳಿಯಿತು. ಅಷ್ಟು ಭಾರದ ಬಲೆಯನ್ನು ನಾವು ಎಳೆದು ಎಷ್ಟೋ ವರ್ಷವಾಗಿತ್ತು. ಬೈಗೆ ಮೀನು ಬಿದ್ದಿದೆ ಅಂದರು ಒಬ್ಬರು, ಬಂಗ್ಡೆ ಇರಬೇಕು ಅಂದರು ಇನ್ನೊಬ್ಬರು. ಹಗ್ಗದ ಸಾಲಿನಲ್ಲಿ ನಗೆ ಎದ್ದಿತು. ಮುದುಕರು ಸೊಂಟ ಹಿಡಿದುಕೊಂಡೇ ಓಡಿ ಬಂದರು, ಹೆಂಗಸರು ಮನೆಗೆ ಹೋಗಿ ಬುಟ್ಟಿ ತಂದರು. ಕಡಲಿನಲ್ಲಿ ಹುಟ್ಟಿ ಬೆಳೆದವರು ನಾವು, ಭಾರ ಅಂದರೆ ಮೀನು ಎಂದೇ ನಮಗೆ ಗೊತ್ತಿದ್ದದ್ದು. ಬಲೆ ದಡಕ್ಕೆ ಬಂದಾಗ ಅದರ ತುಂಬ ಲೋಳೆ. ಪೇಪರಿನವರು ಜೆಲ್ಲಿ ಮೀನು ಎಂದು ಬರೆಯುತ್ತಾರೆ, ಮೀನು ಅಲ್ಲ ಏನೂ ಅಲ್ಲ, ಅಂಟು ಅಂಟಾದ ಗಂಜಿಯ ಉಂಡೆ. ಮುಟ್ಟಿದ ಕೈ ಮೆಣಸು ಅರೆದ ಹಾಗೆ ಉರಿಯುತ್ತದೆ. ಅದರ ನಡುವೆ ಬೆರಳಷ್ಟು ಉದ್ದದ ನಾಲ್ಕಾರು ಮೀನು, ಒಂದು ಪ್ಲಾಸ್ಟಿಕ್ ಚಪ್ಪಲಿ. ಬಲೆ ಎತ್ತಲು ಆಗದೆ ಬಾವಯ್ಯ ಕತ್ತಿಯಿಂದ ಅದರ ಹೊಟ್ಟೆ ಕೊಯ್ದು ಲೋಳೆಯನ್ನು ಹೊರಗೆ ಬಿಟ್ಟರು. ತಂದ ಬುಟ್ಟಿಗಳನ್ನು ಕವುಚಿಕೊಂಡು ಮನೆಗೆ ಹೋದೆವು.

ಮಗಳು ಕೋಣೆಯಿಂದಲೇ ದಡದ ಗದ್ದಲ ಕೇಳಿಸಿಕೊಂಡಿದ್ದಳು. ತಾಟಿ ಸಿಕ್ಕಿತಾ ಎಂದು ಅವಳು ಕೇಳಲಿಲ್ಲ, ನನ್ನ ಕೆಂಪಾದ ಅಂಗೈ ನೋಡಿ ಮುಖ ತಿರುಗಿಸಿದಳು.

ಮತ್ತೆ ಹಾಕಿದ ಬಲೆಗಳ ಕತೆಯೂ ಹೆಚ್ಚುಕಡಿಮೆ ಅದೇ. ಒಮ್ಮೆ ಲೋಳೆ, ಒಮ್ಮೆ ಬರೀ ನೀರು, ಒಮ್ಮೆ ನಾವು ಕಾರ್ಗಿಲ್ ಎಂದು ಹೆಸರಿಟ್ಟ ಕಪ್ಪು ಮೀನು. ಅದನ್ನು ಮೀನುಹಿಟ್ಟಿನ ಕಾರ್ಖಾನೆಗೆ ಕಳಿಸಬೇಕು, ನಮ್ಮ ಒಲೆಗೆ ಅದು ಏರುವುದಿಲ್ಲ. ಅದೇ ಸಮಯಕ್ಕೆ ಬೈಂದೂರಿನಿಂದ ಮಗಳ ಅತ್ತೆ ಬಂದರು. ಗದ್ದೆ ತೋಟ ಇರುವವರು, ಒಳ್ಳೆಯವರೇ. ಡಬ್ಬಿಯಲ್ಲಿ ಹಾಲಿನ ಪುಡಿ ತಂದಿದ್ದರು. ತಾಟಿ ತಾಟಿ ಎಂದು ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ, ಪೇಟೆಯಲ್ಲಿ ಸಿಗುವುದಿಲ್ಲವೇ, ನೀವೇ ಮೀನು ಮಾರುವವರು ಎಂದರು. ಸಿಗುತ್ತದೆ, ಸಿಗದೆ ಏನು. ಐಸು ಹಾಕಿದ ಲಾರಿಗಳಲ್ಲಿ ಯಾವ ಯಾವುದೋ ರಾಜ್ಯದ ಮೀನು ಕುಂದಾಪುರಕ್ಕೆ ಬಂದು ಬೀಳುತ್ತದೆ, ತಾಟಿಯೂ ಇರುತ್ತದೆ. ದಿನಾ ಕಣ್ಣಾರೆ ನೋಡುತ್ತೇನೆ. ಆದರೆ ಕೊಂಡು ತಂದ ತಾಟಿ ಪಾಲು ಆಗುವುದಿಲ್ಲ. ಮಗುವಿನ ನೆಂಟರು ಬಂದು ನೋಡಿಕೊಂಡು ಹೋಗಬೇಕಾದಲ್ಲಿ ಬಾಡಿಗೆ ಕೊಟ್ಟು ಯಾರನ್ನೋ ಕರೆಸಿದ ಹಾಗೆ ಅದು. ಇದನ್ನು ಅವರಿಗೆ ಬಿಡಿಸಿ ಹೇಳಲು ಹೋದೆ, ನನ್ನ ಧ್ವನಿ ಏರಿತು, ಮಗು ಎದ್ದು ಅತ್ತಿತು.

ಅವರು ಹೋದ ಮೇಲೆ ಮಗಳು ಕೇಳಿದಳು. “ಎಲ್ರ್ ಮಕ್ಳಿಗೂ ಬಂದಿತ್ತ್. ನನ್ ಮಗಿಗ್ ಮಾತ್ರ ಇಲ್ಯಾ, ಅಬ್ಬೀ?”

ನನ್ನ ಜೋರು ಬಾಯಿ ಆವತ್ತು ಎಲ್ಲಿ ಹೋಗಿತ್ತೋ. ಬರುತ್ತದೆ ಮಲಗು ಎಂದಷ್ಟೇ ಹೇಳಿದೆ.

ಆ ವಾರ ಕಾಲೇಜಿನಿಂದಲೋ ಎಲ್ಲಿಂದಲೋ ಒಬ್ಬ ಹುಡುಗಿ ದಡಕ್ಕೆ ಬಂದಿದ್ದಳು. ನೀರಿಗೆ ಒಂದು ನಳಿಕೆ ಇಳಿಸಿ ಬಿಸಿ ಅಳೆಯುತ್ತಿದ್ದಳು. ಪಾಪದ ಹುಡುಗಿ, ಕೇಳಿದ್ದಕ್ಕೆಲ್ಲ ಸಮಾಧಾನದಿಂದ ಉತ್ತರ ಕೊಟ್ಟಳು. ಜಗತ್ತಿನ ಕಾರ್ಖಾನೆ, ಕಾರು, ವಿಮಾನಗಳ ಹೊಗೆಯಿಂದ ಭೂಮಿ ಬಿಸಿಯಾಗುತ್ತಿದೆ, ಆ ಬಿಸಿಯಲ್ಲಿ ಬಹುಪಾಲನ್ನು ಕಡಲೇ ನುಂಗಿಕೊಂಡಿದೆ ಎಂದಳು. ಬಿಸಿಯಾದ ನೀರು ಉಬ್ಬುತ್ತದೆ, ಅದಕ್ಕೇ ಮಟ್ಟ ಏರುತ್ತದೆ. ಬಿಸಿ ನೀರಿನ ಮೇಲೆ ಚಂಡಮಾರುತಕ್ಕೆ ಬಲ ಬರುತ್ತದೆ. ತಂಪು ಹುಡುಕಿಕೊಂಡು ಮೀನು ಆಳಕ್ಕೆ, ಉತ್ತರಕ್ಕೆ ಹೋಗುತ್ತದೆ. ಲೋಳೆಗೆ ಬಿಸಿಯೇ ಇಷ್ಟ. ಎಲ್ಲ ನನಗೆ ಅರ್ಥವಾಯಿತು. ಯಾರು ಇದನ್ನು ಮಾಡಿದ್ದು ಎಂದು ಕೇಳಿದೆ. ನಾವೆಲ್ಲರೂ ಸೇರಿ ಮಾಡಿದ್ದು ಎಂದಳು.

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ನಾವೆಲ್ಲರೂ ಎಂದರೆ ಯಾರು? ನನ್ನ ಬುಟ್ಟಿಗೆ ಹೊಗೆಯ ಕೊಳವೆ ಇದೆಯೇ? ಹಗ್ಗ ಎಳೆಯುವ ನನ್ನ ಗಂಡನ ತೋಳಿನಿಂದ ಹೊಗೆ ಬರುತ್ತದೆಯೇ? ಮೊನ್ನೆ ಹುಟ್ಟಿದ ನನ್ನ ಮೊಮ್ಮಗಳೂ ಆ ‘ಎಲ್ಲರ’ ಒಳಗೆ ಸೇರಿದಳೇ? ಲಾಭ ಹಂಚುವಾಗ ನಮ್ಮ ನೆನಪು ಬಾರದವರಿಗೆ ತಪ್ಪು ಹಂಚುವಾಗ ಮಾತ್ರ ನಾವು ನೆನಪಾಗುತ್ತೇವೆ. ನಮ್ಮವರೇನು ಸಾಚಾ ಎಂದು ನಾನು ಹೇಳುವುದಿಲ್ಲ. ದೊಡ್ಡ ಬೋಟಿನವರು ಮರಿಮೀನನ್ನೂ ಬಿಡದೆ ಗೋರಿದ್ದಾರೆ, ಬೆಳಕು ಹಾಕಿ ಮೀನು ಹಿಡಿದಿದ್ದಾರೆ, ಅವರಿಗೆ ಬೇಕಾದಷ್ಟು ಬೈದಿದ್ದೇನೆ, ಇನ್ನೂ ಬೈಯುತ್ತೇನೆ. ಆದರೆ ಕಡಲನ್ನು ಕಾಯಿಸಿದ್ದು ಬೇರೆಯವರ ಒಲೆ. ಬ್ರಹ್ಮಾವರದ ಕಡೆ ಹೊಳೆ ಬದಿಯಲ್ಲಿರುವ ನನ್ನ ತಂಗಿಯ ಬಾವಿ ಈಗ ಬೇಸಿಗೆಗೆ ಉಪ್ಪಾಗುತ್ತದೆ, ಅವಳು ಸೈಕಲ್ ಬಿಟ್ಟು ಬೇರೆ ವಾಹನ ಹತ್ತಿದವಳಲ್ಲ. ಇಷ್ಟನ್ನೂ ಆ ಹುಡುಗಿಗೆ ಹೇಳಿದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಬೈಸಿಕೊಳ್ಳಬೇಕಾದವರು ಯಾರೂ ನಮ್ಮ ದಡಕ್ಕೆ ಬರುವುದಿಲ್ಲ, ಹಾಗಾಗಿ ಬಂದವರೇ ಬೈಸಿಕೊಳ್ಳುತ್ತಾರೆ.

ಬಾವಿಕಟ್ಟೆಯ ದಿನ ಹತ್ತಿರ ಬಂತು. ಬಾವಯ್ಯ ನಮ್ಮ ಅಂಗಳದಲ್ಲಿ ಹಾಯುವುದನ್ನೇ ಬಿಟ್ಟಿದ್ದರು. ಮನೆಗೆ ಹೋಗಲು ಹತ್ತಿರದ ದಾರಿ ನಮ್ಮ ಅಂಗಳವೇ, ಆದರೂ ಹಿಂದಿನ ಗಾಳಿಮರಗಳ ಸಾಲನ್ನು ಸುತ್ತಿಕೊಂಡು ಹೋಗುತ್ತಿದ್ದರು. ಎದುರಿಗೆ ಸಿಕ್ಕಿದರೆ ಬಲೆಯನ್ನೋ ಹಗ್ಗವನ್ನೋ ನೋಡುತ್ತ ನಿಲ್ಲುತ್ತಿದ್ದರು. ಅವರ ಮೇಲೂ ನನಗೆ ಸಿಟ್ಟು ಬರುತ್ತಿತ್ತು. ಮೀನು ಇಲ್ಲದಿದ್ದರೆ ಇಲ್ಲ ಎಂದು ಬಂದು ಹೇಳಬಾರದೇ, ಕದ್ದವರ ಹಾಗೆ ಯಾಕೆ ತಿರುಗಬೇಕು ಎಂದು ಗಂಡನ ಹತ್ತಿರ ರೇಗಿದೆ. ಗಂಡ ಅಣ್ಣನ ಜೊತೆ ಮತ್ತೆ ಬಲೆ ಹಾಕಲು ಹೋದರು.

ಬಾವಿಕಟ್ಟೆಯ ಹಿಂದಿನ ದಿನ ಬೆಳಿಗ್ಗೆ ಮೆಟ್ಟಿಲ ಹತ್ತಿರ ಕಾಗೆಗಳ ಗಲಾಟೆ ಕೇಳಿ ಬಾಗಿಲು ತೆರೆದೆ. ಬಾಳೆಲೆ, ಅದರ ಮೇಲೆ ಇನ್ನೊಂದು ಎಲೆ ಮುಚ್ಚಿತ್ತು. ಎತ್ತಿ ನೋಡಿದರೆ ತಾಟಿ. ಒಳ್ಳೆಯ ಗಾತ್ರದ್ದು, ಮುರಿಯದ ಬಾಲ. ಒಂದು ಕ್ಷಣ ನನ್ನ ಎದೆ ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ಮಗಳನ್ನು ಕೂಗಲು ಬಾಯಿ ತೆರೆದವಳು ಹಾಗೇ ನಿಂತೆ. ‘ಹ್ವಾಯ್’ ಎಂದು ಯಾರೂ ಕರೆದಿರಲಿಲ್ಲ. ನಾನು ಎದ್ದು ಒಲೆಯ ಎದುರಿಗೇ ಕೂತಿದ್ದೆ, ಮಗಳು ಮಗುವಿಗೆ ಹಾಲು ಕೊಡುತ್ತ ಎಚ್ಚರವಿದ್ದಳು, ಇಬ್ಬರಿಗೂ ಏನೂ ಕೇಳಿಸಿರಲಿಲ್ಲ.

ಆಮೇಲೆ ಮೀನನ್ನು ಮುಟ್ಟಿದೆ. ಇಷ್ಟು ವರ್ಷ ಮೀನು ಮಾರಿದ ಕೈಗೆ ಮೋಸ ಮಾಡಲು ಆಗುವುದಿಲ್ಲ. ಕಣ್ಣು ಒಳಗೆ ಸೇದಿಕೊಂಡು ಬೆಳ್ಳಗಾಗಿತ್ತು. ಕಿವಿರಿನ ಕೆಂಪು ಹೋಗಿ ಮಣ್ಣಿನ ಬಣ್ಣ ಬಂದಿತ್ತು. ಹೊಟ್ಟೆಯ ಒಂದು ಬದಿಯಲ್ಲಿ ಐಸಿನ ಗಡ್ಡೆ ಒತ್ತಿದ ಗುಳಿ ಇನ್ನೂ ಇತ್ತು. ಎಷ್ಟೋ ದಿನ ಲಾರಿಯಲ್ಲಿ ಕೂತು ಬಂದ ಮೀನು. ಅದರ ಮೇಲೆ ಯಾರೋ ಎರಡು ಹಿಡಿ ಕಡಲ ಮರಳು ಉದುರಿಸಿದ್ದರು, ಈಗಷ್ಟೇ ಬಲೆಯಿಂದ ತೆಗೆದದ್ದರ ಹಾಗೆ ಕಾಣಲಿ ಎಂದು.

ಆ ಮರಳು ನೋಡಿ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಬಾವಯ್ಯನ ಮೇಲಲ್ಲ. ಈ ದಡದಲ್ಲಿ ಪಾಲು ಹಂಚಿ ತಲೆಯೆತ್ತಿ ನಡೆದ ಮನುಷ್ಯ, ಪೇಟೆಯಲ್ಲಿ ಗುರುತಿನವರು ಯಾರೂ ನೋಡದ ಹಾಗೆ ಮೀನು ಕೊಂಡು, ಅದಕ್ಕೆ ಮರಳು ಹಚ್ಚಿ, ತಮ್ಮನ ಮನೆಯ ಮೆಟ್ಟಿಲಲ್ಲಿ ಕಳ್ಳನ ಹಾಗೆ ಇಟ್ಟು ಹೋಗಬೇಕಾಯಿತಲ್ಲ. ಯಾವುದೋ ಊರಿನ ತಂಪು ಕೋಣೆಯಲ್ಲಿ ಕೂತವರು ಅವರನ್ನು ಈ ಗತಿಗೆ ತಂದರು. ಅವರಿಗೆ ತಾಟಿ ಎಂದರೆ ಏನೆಂದೂ ಗೊತ್ತಿಲ್ಲ.

ಮರಳು ತೊಳೆದೆ. ಬೊಳ್ಳುಳ್ಳಿ, ಕಾಳುಮೆಣಸು ಹಾಕಿ ಸಾರು ಮಾಡಿದೆ. ವಾಸನೆ ಹೊಡೆಯದಿರಲಿ ಎಂದು ಹುಳಿ ಸ್ವಲ್ಪ ಹೆಚ್ಚೇ ಹಾಕಿದೆ. ಮಗಳ ಮುಖ ಅರಳಿತು. ಅವಳು ಉಣ್ಣುತ್ತ, “ನಂಗ್ ಹ್ವಾಯ್ ಅಂದದ್ದ್ ಕೇಂಡಿದೇ ಇಲ್ಲೆ” ಅಂದಳು. ಮಗು ಅಳುತ್ತಿತ್ತು, ಅದಕ್ಕೇ ಕೇಳಲಿಲ್ಲ ಎಂದೆ. ಆವತ್ತು ಬೆಳಿಗ್ಗೆ ಮಗು ಅತ್ತಿರಲಿಲ್ಲ, ಅದು ಅವಳಿಗೂ ಗೊತ್ತು. ಅವಳು ಒಂದು ಚೂರೂ ಬಿಡದೆ ಉಂಡಳು. ಮರುದಿನ ಬಾವಿಕಟ್ಟೆಗೆ ಹೋಗಿ ನೀರು ಸೇದಿದಳು.

ಆ ಸಂಜೆ ನಾನು ಬಾವಯ್ಯನನ್ನು ಹುಡುಕಿಕೊಂಡು ಹೋದೆ. ತಡೆಗೋಡೆಯ ಬಂಡೆಯ ಮೇಲೆ ಕೂತು ಕೊಯ್ದ ಬಲೆಗೆ ತೇಪೆ ಹಾಕುತ್ತಿದ್ದರು. ಮೀನು ಮಾರುವವಳ ಕಣ್ಣಿಗೇ ಮಣ್ಣು ಹಾಕುತ್ತೀರಾ ಎಂದು ಜಗಳ ತೆಗೆಯುವ ಮನಸ್ಸು ದಾರಿಯುದ್ದಕ್ಕೂ ಇತ್ತು. ಅವರ ಬೆರಳುಗಳನ್ನು ನೋಡಿದ ಮೇಲೆ ಆಗಲಿಲ್ಲ. ಲೋಳೆ ಸುಟ್ಟ ಗುಳ್ಳೆಗಳು ಒಡೆದು ಚರ್ಮ ಎದ್ದಿತ್ತು.

“ತಾಟಿ ಲಾಯ್ಕ್ ಇದ್ದಿತ್ತ್ ಬಾವಯ್ಯ” ಅಂದೆ.

ಅವರು ತಲೆ ಎತ್ತಲಿಲ್ಲ. ನಿನಗೆ ಗೊತ್ತಾಗುತ್ತದೆ ಎಂದು ನನಗೆ ಗೊತ್ತಿತ್ತು, ಮಗುವಿಗಾಗಿ ತಂದೆ, ಅವಳಿಗೆ ಹೇಳಬೇಡ ಎಂದರು. ಹೇಳಿಲ್ಲ ಎಂದೆ. ಹಾಗಾದರೆ ಒಂದು ಸಲ ಕರೆದು ಹೋಗಬಾರದಿತ್ತೇ, ಬಾಗಿಲ ಹತ್ತಿರ ಬಂದು ಬಾಯಿ ಬಿಡದೆ ಹೋದರೆ ಹೇಗೆ, ಅವಳು ಆ ಕೂಗಿಗೆ ಎಷ್ಟು ಕಾದಿದ್ದಳು ಎಂದು ಕೇಳಿದೆ. ಕೇಳುವಾಗ ನನ್ನ ಧ್ವನಿ ಏರಿಯೇ ಇತ್ತು.

ಆಗ ಅವರು ಸೂಜಿ ನಿಲ್ಲಿಸಿ ನನ್ನನ್ನು ನೋಡಿದರು.

“ಕಡ್ಲ್ ಕೊಟ್ರೆ ಕೂಗೂದ್ ಹೆಣ್ಣೇ” ಅಂದರು. “ದುಡ್ ಕೊಟ್ ತಂದದ್ದಕ್ಕೆ ಎಂತ ಅಂದ್ ಕೂಗೂದ್?”

ಮೊಮ್ಮಗಳು ಈಗ ಬೈಂದೂರಿನಲ್ಲಿ ಗೋಡೆ ಹಿಡಿದು ನಿಲ್ಲುತ್ತಾಳೆ, ಡಬ್ಬಿ ಹಾಲೂ ಕುಡಿಯುತ್ತಾಳೆ. ನಮ್ಮ ಕೇರಿಯಲ್ಲಿ ಮತ್ತೊಬ್ಬಳು ಬಸುರಿ, ಗೋಡೆಯ ಆಚೆ ಮರಳು ಇನ್ನೂ ಬಂದಿಲ್ಲ, ಮತ್ತು ಬಾವಯ್ಯ ಆವತ್ತಿನಿಂದ ಹಗ್ಗ ಎಳೆಯುವವರನ್ನು ಕರೆಯಲೂ ಕೂಗುವುದಿಲ್ಲ, ಮನೆ ಮನೆಗೆ ಹೋಗಿ ಮೆಲ್ಲಗೆ ಹೇಳಿ ಬರುತ್ತಾರೆ.